ಚಪ್ಪಡಿಯ ಮೇಲೆ ನಿಂತ ಟೆಂಪೊ

ನಮ್ಮ ಮನೆಯ ಗೇಟು ಹೊರಕ್ಕೆ ತೆರೆಯುತ್ತಿತ್ತು. ಬೀದಿಯಲ್ಲಿ ಉಳಿದವರ ಗೇಟುಗಳೆಲ್ಲ ಒಳಕ್ಕೆ. ನೋಡಿದವರು, "ಇದೇನಪ್ಪ, ಗೇಟ್ ಮಾಡೋನ ಮನೆ ಗೇಟೇ ಉಲ್ಟಾ" ಎಂದು ನಗುತ್ತಿದ್ದರು. ನಾನು ಉತ್ತರ ಕೊಡಲು ಹೋಗುತ್ತಿರಲಿಲ್ಲ. ಗೇಟಿಗೂ ಮನೆಯ ಬಾಗಿಲಿಗೂ ನಡುವೆ ಇದ್ದ ಜಾಗ ಅಕ್ಕ ಕೂತು ಕೈಯಲ್ಲೇ ತಿರುಗಿಸಿ ಓಡಿಸುವ ಮೂರು ಚಕ್ರದ ಕೈಗಾಡಿ ನಿಲ್ಲುವಷ್ಟೇ. ಗೇಟು ಒಳಕ್ಕೆ ತೆರೆದರೆ ಕೈಗಾಡಿಗೆ ತಾಗುತ್ತಿತ್ತು, ಅದಕ್ಕೇ ಹೊರಕ್ಕೆ. ಗೇಟಿನ ಮುಂದೆ ಚರಂಡಿ, ಚರಂಡಿಯ ಮೇಲೆ ಒಂದು ಉದ್ದನೆಯ ಚಪ್ಪಡಿ ಕಲ್ಲು, ಕಲ್ಲಿನಿಂದ ರಸ್ತೆಗೆ ನಾನೇ ಸಿಮೆಂಟಿನಲ್ಲಿ ಮಾಡಿದ ಇಳಿಜಾರು. ಅಕ್ಕ ಲೋಕಕ್ಕೆ ಬರಬೇಕೆಂದರೆ ಅದೊಂದೇ ದಾರಿ. ಮನೆಗೆ ಹಿಂಬಾಗಿಲು ಇರಲಿಲ್ಲ. ನಮ್ಮ ಹಿಂದಿನ ಗೋಡೆಗೆ ಇನ್ನೊಬ್ಬರ ಗೋಡೆ ಅಂಟಿಕೊಂಡಿತ್ತು.

ಇದು ಎಂಬತ್ತರ ದಶಕದ ನಡುವಿನ ಮಾತು. ಕುರುಬರಹಳ್ಳಿಯಿಂದ ಬಸವೇಶ್ವರನಗರದ ಕಡೆಗೆ ಇಳಿಯುವಾಗ ಸಿಗುವ ಅಡ್ಡರಸ್ತೆಗಳಲ್ಲಿ ನಮ್ಮದೂ ಒಂದು. ಅಪ್ಪ ಅಲ್ಲೊಂದು ಅರ್ಧ ಸೈಟು ಮಾಡಿ, ಶೀಟಿನ ಮನೆ ಎಬ್ಬಿಸಿ, ಗೃಹಪ್ರವೇಶದ ತೋರಣ ಒಣಗುವ ಮೊದಲೇ ಹೋಗಿಬಿಟ್ಟರು. ಅಮ್ಮ ಅದಕ್ಕೂ ಮುಂಚೆಯೇ ಹೋಗಿದ್ದರು. ನಾನು ಏಳನೇ ಕ್ಲಾಸಿಗೆ ಪುಸ್ತಕ ಎತ್ತಿಟ್ಟು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ವೆಲ್ಡಿಂಗ್ ಶೆಡ್ಡಿಗೆ ಸೇರಿದೆ. ನಾನು ಕೆಲಸ ಕಲಿಯುವ ತನಕ ಕೈ ಮಿಷನ್ನಿನಲ್ಲಿ ರವಿಕೆ ಹೊಲಿದು ಮನೆ ನಡೆಸಿದವಳು ಅಕ್ಕ. ಅವಳು ಮಗುವಾಗಿದ್ದಾಗಲೇ ಪೋಲಿಯೊ ಬಂದು ಎರಡು ಕಾಲೂ ಹೋಗಿದ್ದವು. ಅದು ಕಾಲಿಗಷ್ಟೇ ನಿಲ್ಲಲಿಲ್ಲ. ಬೆನ್ನು ಒಂದು ಕಡೆಗೆ ಬಾಗಿ, ಎದೆಗೂಡು ಇಕ್ಕಟ್ಟಾಗಿತ್ತು. ಸ್ವಲ್ಪ ಹೊಗೆ, ಸ್ವಲ್ಪ ಚಳಿ ಸಾಕು, ಉಬ್ಬಸ ಹಿಡಿಯುತ್ತಿತ್ತು.

ನಾವಿಬ್ಬರೂ ಯಾರ ಮುಂದೂ ಕೈ ಚಾಚಿದವರಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ. ಕೈಗಾಡಿಗೆ ಬೆನ್ನು ಒರಗಿಸುವ ಪಟ್ಟಿ, ಹೊಲಿಗೆಯ ಬಟ್ಟೆಗೆ ಬುಟ್ಟಿ, ಮಳೆಗೆ ಮೇಲ್ಗಡೆ ಕಂಬಿ, ಎಲ್ಲ ನಾನೇ ಬೆಸುಗೆ ಹಾಕಿದ್ದು. ಅದರ ಗಂಟೆ ಮಾತ್ರ ಅವಳು ತಾನೇ ಆರಿಸಿ ಕೊಂಡಿದ್ದು. ಹಿತ್ತಾಳೆಯ ದೊಡ್ಡ ಗಂಟೆ. ಹೆಬ್ಬೆರಳಿನಲ್ಲಿ ಒತ್ತಿದರೆ ರಸ್ತೆಯ ಕೊನೆಯ ತನಕ ಕೇಳುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ಬಾರಿಸುತ್ತಾ ಮೇನ್ ರೋಡಿನ ಟೈಲರ್ ಅಂಗಡಿಗೆ ಹೋಗುತ್ತಿದ್ದಳು. "ರಾಣಿ ಸವಾರಿ ಹೊರಟಿತು, ದಾರಿ ಬಿಡ್ರಪ್ಪೋ" ಎಂದು ತಾನೇ ಕೂಗಿಕೊಂಡು ನಗುತ್ತಿದ್ದಳು.

ಎದುರು ಮನೆಯವರು ಹಳೇ ಊರಿನವರು. ನಮ್ಮ ರಸ್ತೆ ಆಗುವ ಮುಂಚೆ ಅಲ್ಲಿದ್ದದ್ದು ಅವರ ಹೊಲ. ಆ ಮನೆಯ ಯಜಮಾನರು ದಪ್ಪ ಮೀಸೆಯ, ದೊಡ್ಡ ದನಿಯ ಮನುಷ್ಯ. ಹೊಲ ಹೋದ ಮೇಲೆ ಒಂದು ಟೆಂಪೊ ಇಟ್ಟುಕೊಂಡು ಮಾರ್ಕೆಟ್ಟಿಗೆ, ಮಂಡಿಗೆ ಬಾಡಿಗೆ ಹೊಡೆಯುತ್ತಿದ್ದರು. ಆದರೆ ಹಸುಗಳನ್ನು ಬಿಟ್ಟಿರಲಿಲ್ಲ. ಅವರ ಮನೆಯ ಮುಂದೆ ಗೂಟ, ಕಲ್ಲಿನ ತೊಟ್ಟಿ, ಹುಲ್ಲಿನ ಮೆದೆ. ಹೀಗಾಗಿ ಟೆಂಪೊ ನಿಲ್ಲುತ್ತಿದ್ದದ್ದು ರಸ್ತೆಯ ಈ ಕಡೆ, ಅಂದರೆ ನಮ್ಮ ಕಡೆ. ಕೆಲವು ದಿನ ನಮ್ಮ ಗೋಡೆಗೆ, ಕೆಲವು ದಿನ ನೇರವಾಗಿ ಚಪ್ಪಡಿಯ ಮುಂದೆ.

ಮೊದಲ ಸಲ ಹಾಗೆ ನಿಂತಾಗ ನಾನು ಹೋಗಿ ಕೇಳಿದೆ. ಅವರು ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಏನ್ ತಮ್ಮಾ, ಇಲ್ಲಿ ನಮ್ಮಪ್ಪ ರಾಗಿ ಬಿತ್ತಿದ್ದ. ನಿನ್ ಚಪ್ಪಡಿ ಇದೆಯಲ್ಲ, ಅಲ್ಲಿ ನಮ್ ಕಣ ಇತ್ತು. ಗಾಡಿ ನಿಲ್ಸಕ್ಕೆ ನಿನ್ ಅಪ್ಪಣೆ ತಗೋಬೇಕಾ ನಾನು?"

"ಅಪ್ಪಣೆ ಅಲ್ಲ ಯಜಮಾನ್ರೇ. ಅಕ್ಕ ಹೊರಗೆ ಬರ್ಬೇಕಲ್ಲ."

"ಬರ್ಲಿ, ಯಾರ್ ಬೇಡ ಅಂದ್ರು? ಗಂಟೆ ಇದೆಯಲ್ಲ ಅಮ್ಮಣ್ಣಿ ಹತ್ರ, ಊರಿಗೆಲ್ಲಾ ಕೇಳೋ ಅಂಥದ್ದು. ಹೊಡೀಲಿ. ನಾನಿದ್ರೆ ನಾನು, ಇಲ್ದಿದ್ರೆ ಮನೇಲಿ ಯಾರಾದ್ರೂ ಬಂದು ಸರಿಸ್ತೀವಿ. ನಮ್ ಹುಡುಗಿ ಲಂಗ ಹೊಲಿದವಳು ಅವಳು, ಅವಳಿಗೆ ಅಡ್ಡ ನಿಲ್ತೀವಾ?"

ಒಳ್ಳೆಯ ಮಾತೇ. ಅದು ಒಂದು ಪದ್ಧತಿಯೂ ಆಯಿತು. ಅಕ್ಕ ಗೇಟಿನ ಒಳಗೆ ಕೂತು ಗಂಟೆ ಒತ್ತುವುದು, ಎದುರು ಮನೆಯಿಂದ ಯಾರಾದರೂ ಲುಂಗಿ ಎತ್ತಿ ಕಟ್ಟುತ್ತಾ ಬಂದು ಟೆಂಪೊ ಮುಂದಕ್ಕೆ ಬಿಡುವುದು, ಅಕ್ಕ, "ನಿಮ್ಮ ಕಣದಲ್ಲಿ ಹೋಗ್ತಾ ಇದೀನಿ, ಕೋಪ ಮಾಡ್ಕೋಬೇಡಿ" ಎಂದು ಇಳಿಜಾರು ಇಳಿಯುವುದು. ಬೀದಿಯವರೆಲ್ಲ ಅದಕ್ಕೆ ಒಗ್ಗಿಕೊಂಡರು. ಸ್ಕೂಟರಿನವರೂ ಗಂಟೆ ಕೇಳಿದರೆ ಹೊರಗೆ ಬಂದು ಸರಿಸುತ್ತಿದ್ದರು.

ನನಗೆ ಮಾತ್ರ ಒಗ್ಗಲಿಲ್ಲ. ಗಂಟೆ ಕೇಳುವವರು ಮನೆಯಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ? ಶೆಡ್ಡಿನಲ್ಲಿ ಮುಖಕ್ಕೆ ಕಪ್ಪು ಗಾಜು ಹಿಡಿದು ಬೆಸುಗೆ ಹಾಕುವಾಗ ಹೊರಗಿನದ್ದೇನೂ ಕಾಣುವುದಿಲ್ಲ, ಉರಿಯುವ ಒಂದು ಚುಕ್ಕೆ ಬಿಟ್ಟು. ಆ ಚುಕ್ಕೆಯ ಹಿಂದೆ ನನಗೆ ನಮ್ಮ ಗೇಟೇ ಕಾಣುತ್ತಿತ್ತು. ಸೀಮೆಎಣ್ಣೆ ಸ್ಟೌ ಭಗ್ಗೆಂದರೆ? ಉಬ್ಬಸ ಹೆಚ್ಚಾದರೆ? ಹಾವೊಂದು ಚರಂಡಿಯಿಂದ ಒಳಗೆ ಬಂದರೆ? ಊಟದ ಹೊತ್ತಿಗೆ ಎಷ್ಟೋ ಸಲ ಡಬ್ಬಿ ಮುಚ್ಚಿ, ಸೈಕಲ್ ತುಳಿದು ಮನೆಯ ತನಕ ಹೋಗಿ, ತಿರುವಿನಿಂದಲೇ ಚಪ್ಪಡಿ ಖಾಲಿ ಇದೆಯೇ ಎಂದು ನೋಡಿ ವಾಪಸು ಬಂದಿದ್ದೇನೆ. ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದಳು.

ಯಜಮಾನರನ್ನು ಮತ್ತೆ ಕೇಳಬಹುದಾಗಿತ್ತು. ಕೇಳಲಿಲ್ಲ. ಎರಡನೇ ಸಲ ಕೇಳಿದರೆ ಬೇಡಿದ ಹಾಗಾಗುತ್ತದೆ ಎಂಬುದು ಒಂದು. ಇನ್ನೊಂದು, ಅವರಿಗೆ ಸಿಟ್ಟು ಬಂದು ಗಂಟೆಯ ಏರ್ಪಾಡೂ ತಪ್ಪಿಹೋದೀತು ಎಂಬ ಅಂಜಿಕೆ. ಬೇರೆಯವರ ಒಳ್ಳೆಯತನದ ಮೇಲೆ ನಮ್ಮ ಬಾಗಿಲು ನಿಂತಿದ್ದಾಗ ಅದನ್ನು ಅಲ್ಲಾಡಿಸಲು ಕೈ ಬರುವುದಿಲ್ಲ.

ಒಂದು ದಿನ ಅವರ ಮನೆಯವರೆಲ್ಲ ಕೆಂಗೇರಿ ಕಡೆ ಒಂದು ಮದುವೆಗೆ ಬಸ್ಸಿನಲ್ಲಿ ಹೋದರು. ಟೆಂಪೊ ಚಪ್ಪಡಿಯ ಮುಂದೆಯೇ ನಿಂತಿತ್ತು, ಕೀ ಅವರ ಜೇಬಿನಲ್ಲಿ. ಸಂಜೆ ನಾನು ಬಂದಾಗ ಅಕ್ಕ ಗೇಟಿನ ಹಿಂದೆ ಕೂತಿದ್ದಳು. ಬೆಳಗಿನಿಂದ ಅಲ್ಲೇ. ಅಂಗಡಿಗೆ ಹೋಗಿಲ್ಲ. ನಾನೇ ಬೆಸೆದ ಸರಳುಗಳ ಹಿಂದೆ ಅವಳ ಮುಖ ನೋಡಿ ಸೈಕಲ್ ಹಿಡಿದೇ ನಿಂತುಬಿಟ್ಟೆ.

"ಯಾಕೋ ಹಂಗ್ ನೋಡ್ತೀಯ? ಜೈಲಲ್ಲಿ ಇರೋರನ್ನ ನೋಡಕ್ಕೆ ಬಂದೋನ ಥರ" ಎಂದಳು. "ತಿಂಡಿ ಗಿಂಡಿ ತಂದಿದೀಯಾ?"

ತಮಾಷೆಯೇ. ಆದರೆ ನನಗೆ ಅವತ್ತು ಊಟ ಇಳಿಯಲಿಲ್ಲ.

ಯಜಮಾನರ ಮನಸ್ಸಿನಲ್ಲಿಯೂ ಒಂದು ಭಯ ಇತ್ತು. ಅದನ್ನು ಬೀದಿಯೆಲ್ಲ ಬಲ್ಲದು. ಅವರ ಮನೆಯ ಪದ್ಧತಿ ಎಂದರೆ, ಆಯುಧಪೂಜೆಯ ದಿನ ಗಾಡಿಗೆ ಪೂಜೆ ಆದ ಮೇಲೆ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕೀಯನ್ನು ದೇವಿಯ ಪಟದ ಮುಂದೆ ಇಡುವುದು. ಮಾರನೆಯ ಬೆಳಿಗ್ಗೆ, ವಿಜಯದಶಮಿಗೆ, ಮತ್ತೊಮ್ಮೆ ಮಂಗಳಾರತಿ ಆದ ಮೇಲೆ ಕೀ ತೆಗೆದು, ನಿಂಬೆಹಣ್ಣಿನ ಮೇಲೆ ಹತ್ತಿಸಿ ಹೊರಡಿಸುವುದು. ನಡುವೆ ಗಾಡಿ ಅಲ್ಲಾಡಬಾರದು. ಅದು ದೇವಿಯ ವಶದಲ್ಲಿ ಇರುವ ಹೊತ್ತು. ಹಿಂದಿನ ಟೆಂಪೊ ಇದ್ದಾಗ ಒಂದು ವರ್ಷ ಅವರ ತಮ್ಮ ಪೂಜೆ ಆದ ದಿನವೇ ಬಾಡಿಗೆ ಸಿಕ್ಕಿತೆಂದು ಗಾಡಿ ತೆಗೆದುಕೊಂಡು ಹೋದ. ಮೈಸೂರು ರಸ್ತೆಯಲ್ಲಿ ಪಲ್ಟಿಯಾಯಿತು. ಅವನ ಸೊಂಟ ಮುರಿಯಿತು. ಅಂದಿನಿಂದ ಅವನು ಕೋಲು ಹಿಡಿದು ಜಗಲಿಯ ಮೂಲೆಯಲ್ಲಿ ಕೂತಿರುತ್ತಿದ್ದ. ಮಾತು ಕಡಿಮೆ. ಯಜಮಾನರು ಹೊರಗೆ ಹೋಗುವಾಗ, ಒಳಗೆ ಬರುವಾಗ ಅವನನ್ನು ಒಮ್ಮೆ ನೋಡದೆ ದಾಟುತ್ತಿರಲಿಲ್ಲ.

ನಾನು ಹೇಳುತ್ತಿರುವ ವರ್ಷ ಅವರು ಬೇರೆ ಟೆಂಪೊ ತೆಗೆದುಕೊಂಡಿದ್ದರು. ನೀಲಿ ಬಣ್ಣದ್ದು, ಮೊದಲಿನದಕ್ಕಿಂತ ದೊಡ್ಡದು. ಅದಕ್ಕೆ ಮೊದಲ ಆಯುಧಪೂಜೆ. ಬೆಳಿಗ್ಗೆ ನಾನು ಶೆಡ್ಡಿಗೆ ಹೊರಡುವಾಗ ಬೀದಿ ನಲ್ಲಿಯ ಹತ್ತಿರ ಅದನ್ನು ತೊಳೆಯುತ್ತಿದ್ದರು. ಮಕ್ಕಳೆಲ್ಲ ನೀರಾಟ ಆಡುತ್ತಿದ್ದವು. ಅಕ್ಕ ತನ್ನ ಕೈಗಾಡಿಗೂ ವಿಭೂತಿ ಕುಂಕುಮ ಇಟ್ಟು, ಗಂಟೆಗೆ ಒಂದು ಸೇವಂತಿಗೆ ಸಿಕ್ಕಿಸಿದ್ದಳು.

"ನಾನೂ ಸಾಯಂಕಾಲ ಅಂಗಡಿಗೆ ಹೋಗಿ ಮಿಷನ್ ಪೂಜೆ ಪುರಿ ಇಸ್ಕೊಂಡ್ ಬರ್ತೀನಿ. ನಿನ್ ಶೆಡ್ಡಿನ ಬರ್ಫಿ ಒಬ್ನೇ ತಿನ್ಬೇಡ" ಎಂದಳು.

ಶೆಡ್ಡಿನಲ್ಲಿ ಅವತ್ತು ಕೆಲಸವಿಲ್ಲ. ಟ್ರಾನ್ಸ್‌ಫಾರ್ಮರಿಗೆ, ಡ್ರಿಲ್ಲಿಂಗ್ ಮಿಷನ್ನಿಗೆ, ಸುತ್ತಿಗೆ ಇಕ್ಕಳಗಳಿಗೆ ಅರಿಶಿನ ಕುಂಕುಮ. ಕೆಲಸಗಾರರ ಹೆಂಡತಿ ಮಕ್ಕಳೆಲ್ಲ ಹೊಸ ಬಟ್ಟೆಯಲ್ಲಿ ಬಂದಿದ್ದರು. ಪುರೋಹಿತರು ಮಂಗಳಾರತಿಗೆ ಗಂಟೆ ಎತ್ತಿದರು. ಎಲ್ಲರೂ ಕೈ ಮುಗಿದರು. ನನಗೆ ಆ ಗಂಟೆಯ ಸದ್ದು ಎದೆಗೆ ಹೊಡೆದ ಹಾಗಾಯಿತು. ಯಾಕೆಂದು ಈಗಲೂ ಹೇಳಲಾರೆ. ಬೆಳಿಗ್ಗೆ ಕಂಡ ನೀಲಿ ಟೆಂಪೊ ನೆನಪಾಯಿತು, ಅಷ್ಟೇ. ಪೂಜೆಗೆ ಅದನ್ನು ಎಲ್ಲಿ ನಿಲ್ಲಿಸುತ್ತಾರೆ? ಪುರಿ ಬರ್ಫಿಯ ಪೊಟ್ಟಣ ಜೇಬಿಗೆ ತುರುಕಿಕೊಂಡು ಯಾರಿಗೂ ಹೇಳದೆ ಸೈಕಲ್ ಹತ್ತಿದೆ.

ನಮ್ಮ ತಿರುವು ಇನ್ನೂ ಬಂದಿರಲಿಲ್ಲ. ಗಂಟೆ ಕೇಳಿಸಿತು. ಅಕ್ಕ ಬಾರಿಸುವ ರೀತಿ ನನಗೆ ಗೊತ್ತು. ಎರಡು ಸಲ ಒತ್ತಿ, ಬಿಟ್ಟು, ಮತ್ತೆ ಎರಡು ಸಲ. ಇದು ಹಾಗಿರಲಿಲ್ಲ. ಒಂದೇ ಸಮನೆ ಬಾರಿಸುತ್ತಿತ್ತು, ನಿಲ್ಲುತ್ತಿತ್ತು, ತುಂಬ ಹೊತ್ತು ಸುಮ್ಮನಾಗಿ ಮತ್ತೆ ಸೋತ ಹಾಗೆ ಒಂದು ಸಲ.

ತಿರುಗಿದೆ. ರಸ್ತೆಯ ತುಂಬ ಪಟಾಕಿಯ ಕಾಗದ, ಮದ್ದಿನ ಹೊಗೆ ಇನ್ನೂ ಕೆಳಗೇ ತೂಗುತ್ತಿತ್ತು. ನೀಲಿ ಟೆಂಪೊ ಎರಡೂ ಕಡೆ ಬಾಳೆಕಂದು, ಎದುರಿಗೆ ಚೆಂಡು ಹೂವಿನ ಹಾರ ಹಾಕಿಕೊಂಡು ಪೂರ್ವಕ್ಕೆ ಮುಖ ಮಾಡಿ ನಮ್ಮ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಪೂಜೆ ನೋಡುವ ಜನಕ್ಕೆ ಜಾಗವಾಗಲಿ ಎಂದು ಅಷ್ಟು ಒತ್ತಿ ನಿಲ್ಲಿಸಿದ್ದರು. ಅದರ ಎರಡು ಚಕ್ರ ಚಪ್ಪಡಿಯ ಮೇಲೆಯೇ ಇದ್ದವು. ಗೇಟು ತೆರೆಯಲು ಅಂಗೈ ಹೋಗುವಷ್ಟೂ ಸಂದಿಯಿಲ್ಲ. ಪೂಜೆಗೆ ಸೇರಿದ್ದ ಜನ ಇನ್ನೂ ಚದುರಿರಲಿಲ್ಲ. ಒಬ್ಬ ಹೆಂಗಸು ಗೇಟಿನ ಕಡೆ ಬಗ್ಗಿ ಹೇಳುತ್ತಿದ್ದಳು, "ಅಮ್ಮಣ್ಣೀ, ನಾಳೆ ತನಕ ತೆಗಿಯಂಗಿಲ್ಲ ಕಣವ್ವಾ. ಇವತ್ತೊಂದಿನ ಮನೇಲೇ ಇರು."

ನಾನು ಸೈಕಲ್ ಬಿಸಾಕಿ ಗೋಡೆ ಹತ್ತಿ ಒಳಗೆ ಧುಮುಕಿದೆ.

ಅಕ್ಕ ಕೈಗಾಡಿಯಲ್ಲಿ ಮುಂದಕ್ಕೆ ಬಾಗಿ ಎರಡು ಕೈಯಲ್ಲಿ ಹಿಡಿ ಒತ್ತಿಕೊಂಡಿದ್ದಳು. ಹೆಗಲು ಮೇಲೆ ಕೆಳಗೆ ಹೋಗುತ್ತಿತ್ತು. ಎದೆಯಿಂದ ಸೀಟಿಯಂಥ ಸದ್ದು. ತುಟಿ ನೇರಳೆ ಹಣ್ಣು ತಿಂದವರ ತುಟಿ. ಗೇಟಿನ ಹತ್ತಿರವೇ ಪಟಾಕಿ ಸರ ಹಚ್ಚಿದ್ದರು. ಆ ಹೊಗೆಯೆಲ್ಲ ಗೋಡೆ ದಾಟಿ ನಮ್ಮ ಇಕ್ಕಟ್ಟಿನಲ್ಲಿ ತುಂಬಿಕೊಂಡಿತ್ತು. ಮಾತ್ರೆಯ ಡಬ್ಬಿ ಮಡಿಲಲ್ಲಿ ತೆರೆದಿತ್ತು. ನುಂಗಿದ್ದಾಳೆ, ಉಬ್ಬಸ ಇಳಿದಿಲ್ಲ. ಮಾತಾಡಲು ಉಸಿರಿಲ್ಲದೆ ಗಂಟೆ ಒತ್ತಿದ್ದಾಳೆ. ಹೊರಗಿನವರು ಅದನ್ನು ದಿನದ ಗಂಟೆ ಎಂದುಕೊಂಡು ನಾಳೆ ಬಾ ಎಂದಿದ್ದಾರೆ.

"ಟೆಂಪೊ ತೆಗೀರಿ!" ಎಂದು ಕೂಗಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅಕ್ಕಂಗೆ ಉಸಿರು ಕಟ್ತಾ ಇದೆ, ತೆಗೀರಿ!"

ಯಜಮಾನರು ಓಡಿ ಬಂದು ಗೋಡೆಯ ಮೇಲಿಂದ ಇಣುಕಿದರು. ಹಣೆಯ ತುಂಬ ಕುಂಕುಮ. ಅಕ್ಕನನ್ನು ನೋಡಿ ಅವರ ಮುಖ ಬಿಳಿಚಿತು.

"ಡಾಕ್ಟ್ರನ್ನ ಇಲ್ಲಿಗೇ ಕರ್ಸಣ ತಮ್ಮಾ. ಲೋ, ಯಾರಾದ್ರೂ ಓಡ್ರೋ!"

ಪಕ್ಕದ ಮನೆಯವರು ಓಡಿದರು. ಮೇನ್ ರೋಡಿನ ಕ್ಲಿನಿಕ್ಕು ಪೂಜೆ ಮಾಡಿ ಬೀಗ ಹಾಕಿತ್ತು. ಆಟೋ ಸ್ಟ್ಯಾಂಡಿನಲ್ಲಿ ಆಟೋಗಳು ಹಾರ ಹಾಕಿಕೊಂಡು ಸಾಲಾಗಿ ನಿಂತಿದ್ದವು, ಓಡಿಸುವವರು ಹಬ್ಬದ ಊಟಕ್ಕೆ ಹೋಗಿದ್ದರು. ಅವರು ಏದುಸಿರು ಬಿಡುತ್ತಾ ಬಂದು ಹೇಳುವ ಹೊತ್ತಿಗೆ ಅಕ್ಕನ ಕೈ ಹಿಡಿಯಿಂದ ಜಾರುತ್ತಿತ್ತು.

"ಕೀ ಕೊಡಿ ಯಜಮಾನ್ರೇ."

ಅವರು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನಿಧಾನವಾಗಿ ಎಂದರು, "ಗೋಡೆ ಮೇಲಿಂದ ಎತ್ತಿ ದಾಟಿಸಣ. ಇಷ್ಟ್ ಜನ ಇದೀವಿ. ಎತ್ಕೊಂಡೇ ಹೋಗಣ ಆಸ್ಪತ್ರೆಗೆ, ನಾನೇ ಹೊತ್ಕೊಂಡ್ ಹೋಗ್ತೀನಿ. ಟೆಂಪೊ ಮಾತ್ರ... ನಿಂಗೊತ್ತಲ್ಲ ತಮ್ಮಾ."

ಅವರ ಕಣ್ಣು ಜಗಲಿಯ ಕಡೆ ಹೋಯಿತು. ಅಲ್ಲಿ ಅವರ ತಮ್ಮ ಕೋಲಿನ ಮೇಲೆ ಗಲ್ಲ ಊರಿ ಕೂತಿದ್ದ. ನನಗೆ ಅವರ ಮೇಲೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಆ ಮನುಷ್ಯ ಹೆದರಿದ್ದಾರೆ ಎಂಬುದು ನನಗೆ ಅರ್ಥವಾಯಿತು, ನಾನೂ ಅದೇ ಸ್ಥಿತಿಯಲ್ಲಿ ಇದ್ದೆನಲ್ಲ.

ಅಕ್ಕ ತಲೆ ಅಲ್ಲಾಡಿಸಿದಳು, ಬೇಡ ಎಂದು. ಬೇರೆ ಗಂಡಸರ ಕೈಯಲ್ಲಿ ಮೂಟೆಯ ಹಾಗೆ ಹೋಗುವುದಕ್ಕಿಂತ ಮನೆಯಲ್ಲೇ ಇರುತ್ತೇನೆ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಆದರೂ ಬೇರೆ ದಾರಿ ಏನಿದೆ? ಇಬ್ಬರು ಗೋಡೆ ಹತ್ತಿ ಒಳಗೆ ಬಂದರು. ಒಬ್ಬರು ಕಂಕುಳಿಗೆ ಕೈ ಕೊಟ್ಟರು, ನಾನು ಕಾಲು ಹಿಡಿದೆ. ಎತ್ತಿದ್ದೇ ತಡ, ಎದೆ ಅದುಮಿಕೊಂಡು ಆ ಸೀಟಿಯ ಸದ್ದೂ ನಿಂತಿತು. ಬಾಯಿ ತೆರೆದಿದೆ, ಏನೂ ಹೋಗುತ್ತಿಲ್ಲ, ಬರುತ್ತಿಲ್ಲ. ಕಣ್ಣು ನನ್ನನ್ನೇ ನೋಡುತ್ತಿತ್ತು.

"ಇಳಿಸಿ, ಇಳಿಸಿ, ಇಳಿಸಿ!"

ಮತ್ತೆ ಕೈಗಾಡಿಯಲ್ಲಿ ಕೂರಿಸಿ ಮುಂದಕ್ಕೆ ಬಾಗಿಸಿದೆವು. ತುಂಬ ಹೊತ್ತಿನ ಮೇಲೆ, ಅಥವಾ ನನಗೆ ಹಾಗೆ ಅನ್ನಿಸಿತು, ಸೀಟಿ ಮತ್ತೆ ಶುರುವಾಯಿತು. ಗೇಟು ಹಿಡಿದುಕೊಂಡೆ. ಸರಳಿನ ಆಚೆ ನೀಲಿ ತಗಡು, ತಗಡಿನ ಮೇಲೆ ಗಂಧದ ಬೊಟ್ಟು, ನನ್ನ ಮೂಗಿಗೆ ತಾಗುವಷ್ಟು ಹತ್ತಿರ. ಕೈಯಲ್ಲಿ ಸುತ್ತಿಗೆ ಇದ್ದಿದ್ದರೆ ಆ ಗೇಟನ್ನು ಪುಡಿ ಮಾಡುತ್ತಿದ್ದೆ. ಮಾಡಿಯೂ ಉಪಯೋಗವಿರಲಿಲ್ಲ, ಟೆಂಪೊ ಅಲ್ಲೇ ಇರುತ್ತಿತ್ತು.

ಆಗ ಎದುರು ಮನೆಯ ಒಳಗಿನಿಂದ ಯಜಮಾನರ ಹೆಂಡತಿ ಬಂದರು. ರೇಷ್ಮೆ ಸೀರೆ, ತಲೆಯ ತುಂಬ ಹೂವು. ಓಡಲಿಲ್ಲ, ಜೋರಾಗಿ ನಡೆದು ಬಂದರು. ಕೈಯಲ್ಲಿ ಕೀ. ಕೀಗೆ ಅಂಟಿದ್ದ ಕುಂಕುಮ ಅವರ ಬೆರಳಿಗೂ ಹತ್ತಿತ್ತು. ಗಂಡನ ಮುಂದೆ ಹಿಡಿದರು.

"ಏನೇ ಇದು! ಪಟದ ಮುಂದಿಂದ ತೆಗ್ದ್ಯಾ?"

"ತೆಗ್ದೆ. ನಾನು ತೆಗ್ದಿದ್ದು, ಬರೋದಿದ್ರೆ ನನ್ ಮೇಲೆ ಬರ್ಲಿ. ದೇವಿ ಹತ್ರ ನಾನ್ ಮಾತಾಡ್ಕೊಂಡಿದೀನಿ."

"ನೀನ್ ಮಾತಾಡ್ದೆ, ಸರಿ. ಅವಳು ಏನಂದ್ಲು?"

"ಅವಳು ಏನಾದ್ರೂ ಅಂದ್ರೆ ಆಮೇಲೆ ಕೇಳಣ. ಈಗ ಹತ್ತಿ ಮೊದ್ಲು."

ಯಜಮಾನರು ಕೀ ತೆಗೆದುಕೊಂಡರು. ಬಾಗಿಲಿನ ತೂತಿಗೆ ಕೀ ಹಾಕಲು ಎರಡು ಮೂರು ಸಲ ತಡಕಿದರು. ಹತ್ತುವ ಮುಂಚೆ ಮತ್ತೆ ಜಗಲಿಯ ಕಡೆ ನೋಡಿದರು. ತಮ್ಮ ಎದ್ದು ನಿಂತಿದ್ದ. ಇಂಜಿನ್ ಗುಡುಗಿತು. ಚಕ್ರದ ಕೆಳಗೆ ನಿಂಬೆಹಣ್ಣುಗಳು ಪಚ್ಚೆಂದವು. ಸೇರಿದ್ದ ಜನರಲ್ಲಿ ಯಾರೋ "ಅಯ್ಯೋ ದೇವ್ರೇ" ಎಂದರು. ಟೆಂಪೊ ಮುಂದಕ್ಕೆ ಹೋಯಿತು. ನಮ್ಮ ಗೇಟು ತೆರೆಯಿತು.

ಅಕ್ಕನನ್ನು ಮುಟ್ಟಲಿಲ್ಲ ಯಾರೂ. ಅವಳು ಕೂತಿದ್ದ ಕೈಗಾಡಿಯ ಸಮೇತ ಎತ್ತಿ ಟೆಂಪೊದ ಹಿಂದೆ ಇಟ್ಟೆವು. ಬಾಳೆಕಂದು ಬಿಚ್ಚಲು ಪುರಸೊತ್ತು ಇರಲಿಲ್ಲ. ಪೂಜೆಯಾದ ಆ ಟೆಂಪೊ ಮೊದಲ ಸವಾರಿಗೆ ಹೊರಟಿದ್ದು ಹಾಗೆ, ಹಾರ ತೂಗುತ್ತಾ, ಅಕ್ಕನನ್ನು ಹೊತ್ತು. ರಾಜಾಜಿನಗರದ ದೊಡ್ಡ ರಸ್ತೆಯಲ್ಲಿ ಜನ ಏನೋ ಮೆರವಣಿಗೆ ಎಂದುಕೊಂಡು ನಿಂತು ನೋಡಿದರು. ಒಬ್ಬ ಹುಡುಗ ಕೈ ಮುಗಿದ.

ನಾನು ಹಿಂದೆ ಕೈಗಾಡಿಯ ಚಕ್ರಗಳನ್ನು ಮಂಡಿಯಿಂದ ಒತ್ತಿ ಹಿಡಿದು, ಅಕ್ಕನ ಬೆನ್ನಿಗೆ ನನ್ನ ಎದೆ ಕೊಟ್ಟು ಕೂತಿದ್ದೆ. ಅವಳ ಉಸಿರು ನನ್ನ ಎದೆಗೇ ಕೇಳುತ್ತಿತ್ತು. ಒಂದು ಬಂದರೆ ಇನ್ನೊಂದಕ್ಕೆ ಕಾಯುವುದು. ಮುಂದಿನ ಗಾಜಿನಿಂದ ಯಜಮಾನರ ತಲೆ ಕಾಣುತ್ತಿತ್ತು. ಬೆವರು ಕತ್ತಿನಿಂದ ಇಳಿಯುತ್ತಿತ್ತು. ಪ್ರತಿ ಸರ್ಕಲ್ಲಿನಲ್ಲಿ ಏನೋ ಗೊಣಗಿಕೊಂಡು ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಬಸ್ಸು ಎದುರು ಬಂದರೆ ನಿಂತೇಬಿಡುತ್ತಿದ್ದರು. ಬೇಗ ಹೋಗಿ ಎಂದು ಕೂಗಬೇಕೆನ್ನಿಸುತ್ತಿತ್ತು, ಕೂಗಿದರೆ ಪಲ್ಟಿಯಾದೀತು ಎಂದು ಬಾಯಿ ಮುಚ್ಚಿಕೊಂಡೆ. ಅಷ್ಟು ಹೊತ್ತಿಗೆ ಅವರ ಭಯ ನನಗೂ ಅಂಟಿತ್ತು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಮೂಗಿಗೆ ಗಾಳಿಯ ಕೊಳವೆ ಹಾಕಿದರು. ಮುಸ್ಸಂಜೆಗೆ ಅಕ್ಕನ ತುಟಿಗೆ ಬಣ್ಣ ಬಂತು. ಕಣ್ಣು ಬಿಟ್ಟು ನನ್ನನ್ನು ನೋಡಿದಳು, ನನ್ನ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಯಜಮಾನರನ್ನು ನೋಡಿದಳು.

"ಕಣದಲ್ಲಿ... ಗಾಡಿ ಇಲ್ವಾ... ಯಜಮಾನ್ರೇ?" ಎಂದು ತುಂಡು ತುಂಡಾಗಿ ಕೇಳಿದಳು.

ಆ ದೊಡ್ಡ ಮನುಷ್ಯ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋದರು.

ಮಾರನೆಯ ದಿನ ಅಕ್ಕನನ್ನು ಕೈಗಾಡಿಯಲ್ಲೇ ತಳ್ಳಿಕೊಂಡು ಮನೆಗೆ ಕರೆತಂದೆ. ಟೆಂಪೊ ಚಪ್ಪಡಿಯಿಂದ ದೂರ, ರಸ್ತೆಯ ಕೊನೆಯ ಖಾಲಿ ಸೈಟಿನ ಪಕ್ಕ ನಿಂತಿತ್ತು. ಯಾರೂ ಏನೂ ಮಾತಾಡಿರಲಿಲ್ಲ. ಆವತ್ತಿನಿಂದ ಅದರ ಜಾಗ ಅದೇ. ಸ್ಕೂಟರಿನವರೂ ನಮ್ಮ ಗೇಟಿನ ಮುಂದೆ ನಿಲ್ಲಿಸುವುದನ್ನು ಬಿಟ್ಟರು. ಹೊಸಬರು ಯಾರಾದರೂ ನಿಲ್ಲಿಸಿದರೆ, ಅಕ್ಕ ಗಂಟೆ ಮುಟ್ಟುವ ಮುಂಚೆ ಎದುರು ಜಗಲಿಯಿಂದ ಒಂದು ದನಿ ಬರುತ್ತಿತ್ತು, "ಏಯ್, ಅಲ್ಲಿ ಬೇಡ, ತೆಗಿ." ಮಾತು ಕಡಿಮೆಯಿದ್ದ ತಮ್ಮನ ದನಿ.

ಕಥೆ ಅಲ್ಲಿಗೆ ಮುಗಿಯಿತು ಎಂದು ಬೀದಿಯವರು ತಿಳಿದರು. ನನಗೆ ಅಲ್ಲಿಂದ ಶುರುವಾಯಿತು.

ಯಜಮಾನರು ಟೆಂಪೊ ಬಿಡಲಾರರು, ಅದೇ ಅವರ ಹೊಟ್ಟೆಪಾಡು. ದಿನಾ ಬೆಳಿಗ್ಗೆ ಹೊರಡುತ್ತಿದ್ದರು. ಹೊರಡುವಾಗ ಹೆಂಡತಿ ರಸ್ತೆಯ ತನಕ ಬಂದು ನಿಲ್ಲುತ್ತಿದ್ದರು, ಮೊದಲು ಹಾಗೆ ನಿಲ್ಲುತ್ತಿರಲಿಲ್ಲ. ಸಂಜೆ ನಾನು ಕೈಕಾಲು ತೊಳೆದು ಬಾಗಿಲಲ್ಲಿ ಕೂರುತ್ತಿದ್ದೆ. ಮೇನ್ ರೋಡಿನಿಂದ ಆ ಇಂಜಿನ್ನಿನ ಸದ್ದು ತಿರುಗಿ ಬರುವ ತನಕ ಒಳಗೆ ಹೋಗಲು ಮನಸ್ಸಾಗುತ್ತಿರಲಿಲ್ಲ. ಆ ಗಾಡಿಗೆ ಏನಾದರೂ ಆದರೆ ಅದು ನಮ್ಮ ಮನೆಗಾಗಿ ಆದದ್ದು. ಇದನ್ನೆಲ್ಲ ನಾನು ನಂಬುತ್ತೇನೆಯೇ ಎಂದು ಕೇಳಿದರೆ, ಇಲ್ಲ ಎಂದೇ ಹೇಳುತ್ತಿದ್ದೆ. ಆದರೆ ಹೊತ್ತು ಮೀರಿದರೆ ಎದ್ದು ತಿರುವಿನ ತನಕ ಹೋಗಿ ನೋಡಿ ಬರುತ್ತಿದ್ದೆ. ಯಜಮಾನರ ಹೆಂಡತಿ ತಮ್ಮ ಜಗಲಿಯಲ್ಲಿ, ನಾನು ನಮ್ಮ ಬಾಗಿಲಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ, ರಸ್ತೆ ನೋಡುತ್ತಿದ್ದೆವು.

ಒಳಗಿನಿಂದ ಅಕ್ಕ ಕೇಳುತ್ತಿದ್ದಳು, "ಬಂತೇನೋ?"

"ಇನ್ನೂ ಇಲ್ಲ."

"ಬರ್ತಾರೆ ಬಿಡು. ಊಟಕ್ಕೆ ಬಾ." ಆದರೆ ಅವಳೂ ತಟ್ಟೆ ಹಾಕುತ್ತಿರಲಿಲ್ಲ, ಸದ್ದು ಕೇಳುವ ತನಕ.

ಮಳೆಗಾಲದಲ್ಲಿ ಒಂದು ಸಂಜೆ ಟೆಂಪೊ ಬರಲೇ ಇಲ್ಲ. ದೀಪ ಹಚ್ಚಿದರು, ಹಸು ಕರೆದದ್ದಾಯಿತು, ಬರಲಿಲ್ಲ. ಯಜಮಾನರ ಹೆಂಡತಿ ನಮ್ಮ ಗೇಟಿಗೆ ಬಂದು ನಿಂತರು. ನಾನು ಅಂಗಿ ಹಾಕಿಕೊಂಡು ಸೈಕಲ್ ತೆಗೆದೆ. ಕುರುಬರಹಳ್ಳಿಯ ತಿರುವಿಗೆ ಹೋಗುವಷ್ಟರಲ್ಲಿ ಅವರೇ ಎದುರಿಗೆ ಬಂದರು, ಪಂಕ್ಚರಂತೆ. ನನ್ನನ್ನು ನೋಡಿ ಬ್ರೇಕ್ ಹಾಕಿ, "ಎಲ್ಗೋ ಹೊರ್ಟೆ ಮಳೇಲಿ?" ಎಂದರು. "ಸುಮ್ನೆ" ಎಂದೆ. ಅವರು ನನ್ನ ಮುಖ ನೋಡಿದರು. "ನಂಗೂ ಹಂಗೇ ಆಗತ್ತೆ ಕಣೋ ತಮ್ಮಾ, ಪ್ರತಿ ದಿನ" ಎಂದು ಮತ್ತೆ ಗಾಡಿ ಬಿಟ್ಟರು. ಆ ಒಂದು ಮಾತು ಬಿಟ್ಟರೆ ನಾವು ಅದರ ಬಗ್ಗೆ ಯಾವತ್ತೂ ಮಾತಾಡಿದ್ದಿಲ್ಲ.

ಆ ವರ್ಷ ಹಾಗೇ ಕಳೆಯಿತು. ಏನೂ ಆಗಲಿಲ್ಲ. ಮುಂದಿನ ಆಯುಧಪೂಜೆ ಬಂತು. ಟೆಂಪೊಗೆ ಖಾಲಿ ಸೈಟಿನ ಪಕ್ಕವೇ ಪೂಜೆಯಾಯಿತು. ಪಟಾಕಿ ಹಚ್ಚಲು ಹೋದ ಮಕ್ಕಳನ್ನು ಯಜಮಾನರು ಗದರಿಸಿ ಮೇನ್ ರೋಡಿಗೆ ಅಟ್ಟಿದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಮಂಗಳಾರತಿ ಎತ್ತಿದರು, ಕೀ ತೆಗೆದರು. ಆಮೇಲೆ ಮನೆಯ ಕಡೆ ಹೋಗದೆ ನೇರ ನಮ್ಮ ಗೇಟಿಗೆ ಬಂದರು. ಹಿಂದೆ ಹೆಂಡತಿ ತಟ್ಟೆ ಹಿಡಿದುಕೊಂಡು.

"ಅಮ್ಮಣ್ಣೀ" ಎಂದು ಕರೆದರು. ಅಕ್ಕ ಕೈಗಾಡಿಯಲ್ಲಿ ಗೇಟಿಗೆ ಬಂದಳು.

"ಈ ಸಲ ಕೀ ನಿನ್ ಹತ್ರ ಇರ್ಲವ್ವಾ. ನಾಳೆ ಬೆಳಿಗ್ಗೆ ಬಂದ್ ಇಸ್ಕೋತೀನಿ."

"ಅಯ್ಯೋ, ದೇವಿ ಮುಂದೆ ಇಡೋದಲ್ವಾ?"

"ಇವಳು ಮಾತಾಡವ್ಳೆ, ದೇವಿ ಹತ್ರ. ಏನೋ ಒಪ್ಪಂದ ಆಗದೆ ಅವರಿಬ್ರಿಗೂ" ಎಂದು ಹೆಂಡತಿಯ ಕಡೆ ತೋರಿಸಿದರು. "ಇವತ್ ಯಾವ್ ಹೊತ್ನಲ್ಲಾದ್ರೂ ನಿಂಗೇನಾದ್ರೂ ಬೇಕಾದ್ರೆ ನಾನು ಪಟದ ಮುಂದೆ ಹೋಗಿ ನಿಂತ್ಕೊಳಾದು ಬೇಡ ನೋಡು. ನಂಗಾಗಲ್ಲ ಅದು."

ಅಕ್ಕ ಎರಡೂ ಕೈ ಚಾಚಿ ಕೀ ತೆಗೆದುಕೊಂಡಳು. ತನ್ನ ಗಂಟೆಯ ಪಕ್ಕ, ಹಿಡಿಗೆ ದಾರದಿಂದ ಕಟ್ಟಿಕೊಂಡಳು.

ನಾನು ಅವತ್ತು ಶೆಡ್ಡಿನ ಪೂಜೆಗೆ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದ್ದೆ. ಬಾಗಿಲ ಮೆಟ್ಟಿಲ ಮೇಲೆ ಕೂತು ಚಪ್ಪಡಿ ನೋಡುತ್ತಿದ್ದೆ. ಖಾಲಿ ಇತ್ತು. ಅದರ ಮೇಲೆ ಎದುರು ಮನೆಯವರು ರಂಗೋಲಿ ಬಿಟ್ಟಿದ್ದರು. ಗೇಟು ಪೂರ್ತಿ ತೆರೆದಿತ್ತು, ಗಾಳಿ ಬರುತ್ತಿತ್ತು. ಹೆದರುವಂಥದ್ದು ಏನೂ ಇರಲಿಲ್ಲ. ಹಾಗೇ ಕಣ್ಣು ಮುಚ್ಚಿತು.

ಕಿವಿಯ ಹತ್ತಿರವೇ ಗಂಟೆ ಬಾರಿಸಿತು. ಒಂದೇ ಸಲ. ನಾನು ಎದ್ದ ರಭಸಕ್ಕೆ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು.

"ಸುಮ್ನೆ ಒತ್ತಿ ನೋಡ್ದೆ ಕಣೋ" ಎಂದು ಅಕ್ಕ ಬಿದ್ದು ಬಿದ್ದು ನಕ್ಕಳು. ಎದುರು ಜಗಲಿಯಲ್ಲಿ ಯಜಮಾನರೂ ಎದ್ದು ನಿಂತಿದ್ದರು, ಬಾಯಲ್ಲಿ ಎಲೆ ಅಡಿಕೆ ಹಾಗೇ ಇತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗು ಬರಲಿಲ್ಲ ನಮಗೆ. ಅವರು ನಿಧಾನವಾಗಿ ಕೂತರು. ಆಮೇಲೆ ನಾನೂ ಕೂತೆ.